ನನ್ನ ಹವ್ಯಾಸ, ಅಪ್ಪನ ಬಿಪಿ

ಇಡೀ ತರಗತಿ ಜನ್ಮದಲ್ಲಿ ಮರೆಯದಂಥ ಸ್ವಪರಿಚಯ ಮಾಡಿಕೊಳ್ಳಬೇಕೆಂದು ನಾನು ತೀರ್ಮಾನಿಸಿದ್ದೆ. ತೀರ್ಮಾನ ಅಕ್ಷರಶಃ ಈಡೇರಿತು. ಹೇಗೆ ಈಡೇರಿತು ಎಂಬುದೇ ಕಥೆ.

ನಾನು ವೈದ್ಯಕೀಯ ಮೊದಲ ವರ್ಷದ ವಿದ್ಯಾರ್ಥಿನಿ. ಸಣ್ಣ ಊರು, ಸಣ್ಣ ಕಾಲೇಜು. ನಮಗೆ ಶರೀರಕ್ರಿಯೆಯ ಪಾಠ ಮಾಡುವ ಮೇಷ್ಟ್ರದು ಒಂದು ಪದ್ಧತಿ. ಪಾಠಕ್ಕೆ ಮುಂಚೆ ದಿನಕ್ಕೊಬ್ಬರು ವೇದಿಕೆ ಹತ್ತಿ ಹೆಸರು, ಗುರಿ, ಹವ್ಯಾಸ ಹೇಳಬೇಕು. ಹೆಸರಿನ ಬಗ್ಗೆ ಅವರದೇನೂ ತಕರಾರಿಲ್ಲ. ಗುರಿಯನ್ನು ಕಣ್ಣು ಮುಚ್ಚಿಕೊಂಡು ಕೇಳುತ್ತಾರೆ, ಏಕೆಂದರೆ ನಮ್ಮಲ್ಲಿ ಎಲ್ಲರ ಗುರಿಯೂ ಹೃದಯತಜ್ಞರಾಗಿ ಬಡವರ ಸೇವೆ ಮಾಡುವುದು. ಹವ್ಯಾಸ ಎಂದ ಕೂಡಲೇ ಕಣ್ಣು ತೆರೆಯುತ್ತಾರೆ.

"ಎಲ್ಲಿ, ಮಾಡಿ ತೋರ್ಸು."

ಈಜು ಎಂದವನನ್ನು ಮೇಜಿನ ಮೇಲೆ ಬೋರಲು ಮಲಗಿಸಿ ಪಾಠ ಮುಗಿಯುವವರೆಗೂ ಈಜಿಸಿದರು. ಹಾಡುವುದು ಎಂದವಳು ಎರಡನೇ ಸಾಲಿಗೇ ಅತ್ತುಬಿಟ್ಟಳು. ಪುಸ್ತಕ ಓದುವುದು ಎಂದವನು, ಯಾವ ಪುಸ್ತಕ ಎಂದು ಕೇಳಿದಾಗ ಗಾಬರಿಯಲ್ಲಿ ನಮ್ಮ ಪಠ್ಯದ ಹೆಸರನ್ನೇ ಹೇಳಿದ. ಅದನ್ನೂ ಅವನು ಓದಿಲ್ಲ ಎಂಬುದು ಮುಂದಿನ ಪ್ರಶ್ನೆಗೇ ಗೊತ್ತಾಯಿತು.

ನನ್ನ ಸರದಿ ಬರುವುದರಲ್ಲಿತ್ತು. ಗುರಿ ಸಿದ್ಧವಿತ್ತು. ಹವ್ಯಾಸವೇ ಇರಲಿಲ್ಲ. ಪ್ರವೇಶ ಪರೀಕ್ಷೆಗೆ ಓದುತ್ತ ಕಳೆದ ಕಾಲದಲ್ಲಿ ನನ್ನ ಹವ್ಯಾಸಗಳೆಲ್ಲ ನೀರು ಕಾಣದ ಕುಂಡದ ಗಿಡಗಳ ಹಾಗೆ ಒಂದೊಂದಾಗಿ ಒಣಗಿಹೋಗಿದ್ದವು. ಮೊದಲು ಚಿತ್ರ ಬರೆಯುತ್ತಿದ್ದೆ. ಹೂವು, ಹಕ್ಕಿ, ಸಂಜೆಯ ಮೋಡ. ಕೊನೆಯದಾಗಿ ಬರೆದದ್ದು ಕಪ್ಪೆಯ ಮೂತ್ರಪಿಂಡ. ಅದಕ್ಕೂ ಅರ್ಧ ಅಂಕ ಕಡಿಮೆ ಬಂದಿತ್ತು.

ಆಗ ನನಗೆ ಹೊಳೆದದ್ದು ಬಿಪಿ. ಮನೆಯವರ ರಕ್ತದೊತ್ತಡ ನೋಡುವುದು ನನ್ನ ಹವ್ಯಾಸ ಎಂದು ಹೇಳುವುದು, ಅಲ್ಲೇ ಯಂತ್ರ ತೆಗೆದು ಮಾಡಿ ತೋರಿಸಿಬಿಡುವುದು. ಸೇವೆ, ವಿದ್ಯೆ, ಹವ್ಯಾಸ ಮೂರೂ ಒಂದೇ ಏಟಿಗೆ! ಮಕ್ಕಳ ವಾರ್ಡಿನ ತರಬೇತಿ ಮುಗಿಸಿದ್ದ ಒಬ್ಬ ಸೀನಿಯರ್ ಅಕ್ಕನ ಹತ್ತಿರ ಹಳೆಯ ಬಿಪಿ ಯಂತ್ರವಿತ್ತು. ಕೇಳಿದ ತಕ್ಷಣ ಕೊಟ್ಟುಬಿಟ್ಟಳು. ಒಂದು ಗಡಿಯಾರದಂಥ ಮುಖ, ಗಾಳಿ ಒತ್ತುವ ರಬ್ಬರ್ ಬುರುಡೆ, ತೋಳಿಗೆ ಸುತ್ತುವ ಪಟ್ಟಿ. ಪಟ್ಟಿಯ ತುಂಬ ಕರಡಿಮರಿಗಳ ಚಿತ್ರ. ಎಷ್ಟು ಮುದ್ದಾಗಿದೆ ಎಂದುಕೊಂಡೆ. ಅದಕ್ಕಿಂತ ಹೆಚ್ಚು ಏನನ್ನೂ ಅಂದುಕೊಳ್ಳಲಿಲ್ಲ.

ಭಾನುವಾರ ಮನೆಯ ಹಜಾರದಲ್ಲಿ ಆಸ್ಪತ್ರೆ ತೆರೆಯಿತು. ಮೊದಲ ರೋಗಿ ಅಜ್ಜಿ. ಅವಳ ತೋಳು ಒಣಗಿದ ಕೊಂಬೆಯಂತೆ ಸಪೂರ. ಪಟ್ಟಿ ಹೇಳಿ ಮಾಡಿಸಿದಂತೆ ಕೂತಿತು.

"ಎಲ್ಲಾ ಸರಿಯಾಗಿದೆ ಅಜ್ಜಿ."

"ಸರಿಯಾಗಿ ನೋಡೇ. ಇಷ್ಟು ವರ್ಷ ಬದುಕಿದೀನಿ, ಒಂದು ಬಿಪಿನೂ ಬೇಡ್ವಾ ನನಗೆ?"

ಅಮ್ಮನದು ಸ್ವಲ್ಪ ಹೆಚ್ಚು ಬಂತು. "ಈ ಮನೆಗೆ ಬಂದಾಗಿಂದ ಹಾಗೇ" ಎಂದು ಅಮ್ಮ ಒಳಗೆ ಹೋದಳು. ಆಮೇಲೆ ಕೂತವರು ಅಪ್ಪ.

ಅಪ್ಪ ಶಾಲೆಯ ಬಸ್ಸಿನ ಚಾಲಕರು. ಸ್ಟೀರಿಂಗ್ ತಿರುಗಿಸಿ ತಿರುಗಿಸಿ ಅವರ ತೋಳು ನನ್ನ ತೊಡೆಯಷ್ಟಾಗಿದೆ. ಪಟ್ಟಿ ಎರಡು ತುದಿಯನ್ನೂ ಮುಟ್ಟಿಸಲು ಒಪ್ಪಲಿಲ್ಲ. ಅಂಟಿಸಿದರೆ ಪರ್ ಎಂದು ಬಿಚ್ಚಿಕೊಳ್ಳುತ್ತಿತ್ತು. ನಾನು ಸೋಲುವವಳೇ? ನನ್ನ ಜಡೆಯ ರಿಬ್ಬನ್ ಬಿಚ್ಚಿ ಕರಡಿಮರಿಗಳ ಸಮೇತ ಬಿಗಿದು ಕಟ್ಟಿದೆ. ಗಾಳಿ ಒತ್ತಿದೆ. ಮುಳ್ಳು ಹತ್ತಿತು, ಹತ್ತಿತು, ಇಳಿಯಲೇ ಒಲ್ಲೆ ಎಂದಿತು. ನೂರ ಎಪ್ಪತ್ತು.

ಸ್ಟೆತಸ್ಕೋಪಿಟ್ಟ ನನ್ನ ಕಿವಿಯಲ್ಲಿ ಅಪ್ಪನ ರಕ್ತ ಡಬ್ ಡಬ್ ಎನ್ನುತ್ತಿತ್ತೋ, ನನ್ನ ಎದೆಯೇ ಹಾಗೆ ಎನ್ನುತ್ತಿತ್ತೋ ತಿಳಿಯಲಿಲ್ಲ.

"ಎಷ್ಟು?" ಎಂದರು ಅಪ್ಪ.

"ಸ್ವಲ್ಪ ಜಾಸ್ತಿ."

"ಎಷ್ಟು ಅಂತ ಕೇಳಿದ್ದು."

ಹೇಳಿದೆ. ಅಪ್ಪ ರಿಬ್ಬನ್ ಬಿಚ್ಚಿ, ನೀಟಾಗಿ ಸುತ್ತಿ ನನ್ನ ಕೈಗಿಟ್ಟರು. ಸಂಜೆ ಇನ್ನೊಮ್ಮೆ ನೋಡಿದೆ. ಇನ್ನೂ ಹೆಚ್ಚು. ಮರುದಿನ ಬೆಳಿಗ್ಗೆ ಅದಕ್ಕಿಂತ ಹೆಚ್ಚು. ನಾನು ಯಂತ್ರ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಅಪ್ಪನ ಮುಖ ಬೆವರುತ್ತಿತ್ತು.

ಮನೆಯಲ್ಲಿ ಉಪ್ಪಿನ ಡಬ್ಬಿ ಮೇಲಿನ ಕಪಾಟು ಸೇರಿತು. ಅಮ್ಮ ಬೇಯಿಸಿದ ತರಕಾರಿ, ಬೇಯಿಸಿದ ಬೇಳೆ, ಬೇಯಿಸಿದ ಮೌನ ಬಡಿಸತೊಡಗಿದಳು. ಅಜ್ಜಿ ಮಾತ್ರ ಸುಮ್ಮನಿರಲಿಲ್ಲ.

"ಅವನಿಗೆ ಬಿಪಿ ಇದ್ರೆ ನನಗ್ಯಾಕೆ ಈ ಹುಲ್ಲು? ನಂದು ಸರಿಯಾಗಿದೆ ಅಂತ ನೀನೇ ಹೇಳಿದೀಯಲ್ಲ."

"ಮನೆಯವರೆಲ್ಲ ಒಟ್ಟಿಗೆ ಪಥ್ಯ ಮಾಡಿದ್ರೆ ರೋಗಿಗೆ ಧೈರ್ಯ ಬರುತ್ತೆ ಅಜ್ಜಿ."

"ಅವನಿಗೆ ಧೈರ್ಯ ಬರೋಷ್ಟರಲ್ಲಿ ನಾನು ಹೋಗಿರ್ತೀನಿ."

ವಿಷಯ ತಿಳಿದು ಅಮ್ಮನ ತಮ್ಮ, ಅಂದರೆ ನನ್ನ ಮಾವ, ನೋಡಲು ಬಂದ. ಅವನದು ಬೇಕರಿ. ದಿನಕ್ಕೆ ಮೂಟೆಗಟ್ಟಲೆ ಹಿಟ್ಟು ನಾದುವ ಅವನ ತೋಳು ಅಪ್ಪನ ತೋಳನ್ನೂ ನಾಚಿಸುತ್ತದೆ. "ನಂದೂ ನೋಡೇ ಡಾಕ್ಟ್ರಮ್ಮ" ಎಂದು ನಗುತ್ತ ಕೂತ. ರಿಬ್ಬನ್ ಸಾಲದೆ ಅಮ್ಮನ ಶಾಲು ತಂದೆ. ಮುಳ್ಳು ಅಪ್ಪನ ಅಂಕಿಯನ್ನು ದಾಟಿ ಮುಂದಕ್ಕೆ ಹೊರಟಾಗ ಮಾವನ ನಗು ನಿಂತಿತು. ಅಪ್ಪನನ್ನು ನೋಡಲು ಬಂದವನು ಅಪ್ಪನ ಪಕ್ಕದಲ್ಲೇ ದಿಂಬು ಹಾಕಿಕೊಂಡು ಮಲಗಿದ. ಮರುದಿನ ಬೇಕರಿ ತೆರೆಯಲಿಲ್ಲ.

ನೀವು ಕೇಳಬಹುದು: ತೋಳು ದಪ್ಪಗಾದಂತೆಲ್ಲ ಬಿಪಿ ಹೆಚ್ಚುತ್ತಿರುವುದು ಈ ಭಾವೀ ಹೃದಯತಜ್ಞೆಗೆ ಕಾಣಲಿಲ್ಲವೇ? ಕಂಡಿತ್ತು. ನಮ್ಮ ವಂಶದಲ್ಲಿ ಏನೋ ಅಪರೂಪದ ಕಾಯಿಲೆ ಇದೆ, ಅದಕ್ಕೆ ಮುಂದೆ ನನ್ನ ಹೆಸರೇ ಇಡಬಹುದು ಎಂದುಕೊಂಡಿದ್ದೆ.

ಇಷ್ಟಾದರೂ ನಾನು ಅಪ್ಪನಿಗೆ ಹೇಳದೆ ಇರಲಿಲ್ಲ. "ಕ್ಲಿನಿಕ್ಕಿಗೆ ಹೋಗಿ ಒಂದ್ಸಲ ತೋರ್ಸೋಣಪ್ಪ."

"ಅಲ್ಲಿ ಹೋದ್ರೆ ಚೀಟಿಯಲ್ಲಿ ಬರ್ದು ಕೊಡ್ತಾರೆ. ಬರೆದ ಮೇಲೆ ಮುಗೀತು. ಆಮೇಲೆ ಶಾಲೆಯವ್ರೇ ಕೆಲಸದಿಂದ ತೆಗೀತಾರೆ. ಅದಕ್ಕಿಂತ ನಾನಾಗಿ ಬಿಡೋದು ಮರ್ಯಾದೆ."

"ಬಿಡೋದಾ?"

"ಬಸ್ಸಿನ ತುಂಬ ಮಕ್ಕಳಿರ್ತಾರೆ ಮಗಳೇ. ತಿರುವಿನಲ್ಲಿ ನನಗೇನಾದ್ರೂ ಆದ್ರೆ?"

ಅಪ್ಪ ರಜೆ ಹಾಕಿದರು. ಅವರ ಬಸ್ಸನ್ನು ಬೇರೊಬ್ಬರು ಓಡಿಸತೊಡಗಿದರು. ಬೆಳಿಗ್ಗೆ ಅದು ನಮ್ಮ ಬೀದಿಯ ಕೊನೆಯಲ್ಲಿ ತಿರುಗುವ ಹೊತ್ತಿಗೆ ಅಪ್ಪ ಮೆಟ್ಟಿಲ ಮೇಲೆ ಕೂತು ಕಿವಿಗೊಡುತ್ತಿದ್ದರು. ಮಕ್ಕಳ ಗಲಾಟೆ ತೇಲಿ ಬಂದು, ತೆಳುವಾಗಿ, ಇಲ್ಲವಾಗುತ್ತಿತ್ತು.

"ಗೇರು ಕಿರ್ ಅಂತು, ಕೇಳಿಸ್ತಾ? ಅದಕ್ಕೆ ಅವಸರ ಮಾಡಿದ್ರೆ ಆಗಲ್ಲ. ಅದು ತಾನಾಗಿ ಒಪ್ಕೋಬೇಕು." ಹಾಗೆ ಹೇಳಿ ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡು ಕೂತಿರುತ್ತಿದ್ದರು, ಅದು ಎಲ್ಲಿಗಾದರೂ ಹೊರಟುಬಿಟ್ಟೀತು ಎಂಬ ಹಾಗೆ.

ಗುರುವಾರ ಶಾಲೆಗೆ ಹೋಗಿ ತಮ್ಮ ಬಳಿಯಿದ್ದ ಬಸ್ಸಿನ ಇನ್ನೊಂದು ಕೀಲಿಯನ್ನು ಒಪ್ಪಿಸಿ, ಕೆಲಸ ಬಿಟ್ಟು ಬರುವುದೆಂದು ಅಪ್ಪ ನಿಶ್ಚಯಿಸಿದರು. ನನ್ನ ಸ್ವಪರಿಚಯದ ಸರದಿಯೂ ಗುರುವಾರವೇ ಬಂತು. ನಾವಿಬ್ಬರೂ ಒಟ್ಟಿಗೆ ಮನೆಯಿಂದ ಹೊರಟು ಬೀದಿಯ ಕೊನೆಯಲ್ಲಿ ಬೇರೆಯಾದೆವು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. "ಚೆನ್ನಾಗಿ ಮಾತಾಡು" ಎಂದರು. ನಾನು ಚೀಲ ಹೆಗಲಿಗೇರಿಸಿ ಕಾಲೇಜಿನ ಕಡೆ ತಿರುಗಿದೆ.

ವೇದಿಕೆ ಹತ್ತಿದೆ. ಹೆಸರು ಹೇಳಿದೆ. ಗುರಿ ಹೇಳಿದೆ. ಮೇಷ್ಟ್ರು ಕಣ್ಣು ಮುಚ್ಚಿದ್ದರು.

"ನನ್ನ ಹವ್ಯಾಸ ಮನೆಯವರ ಬಿಪಿ ನೋಡುವುದು. ಇತ್ತೀಚೆಗೆ ಒಂದೇ ವಾರದಲ್ಲಿ ನಮ್ಮ ಮನೆಯಲ್ಲಿ ಇಬ್ಬರಿಗೆ ತೀವ್ರ ರಕ್ತದೊತ್ತಡ ಇರುವುದನ್ನು ಪತ್ತೆ ಮಾಡಿದ್ದೇನೆ."

ಕಣ್ಣು ತೆರೆಯಿತು. "ಭೇಷ್. ಎಲ್ಲಿ, ನಂದು ನೋಡು."

ನಮ್ಮ ಮೇಷ್ಟ್ರು ಯೌವನದಲ್ಲಿ ಕುಸ್ತಿ ಮಾಡಿದವರಂತೆ. ತೋಳು ಈಗಲೂ ಅದನ್ನು ಮರೆತಿಲ್ಲ. ನಾನು ಚೀಲದಿಂದ ಯಂತ್ರ, ರಿಬ್ಬನ್, ಶಾಲು ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿದೆ.

"ಶಾಲು ಯಾಕೆ? ಸನ್ಮಾನನಾ?"

"ಕಟ್ಟೋಕೆ ಸರ್."

ಕಟ್ಟಿದೆ. ಒತ್ತಿದೆ. ಆಲಿಸಿದೆ. "ಸರ್, ನೂರ ತೊಂಬತ್ತು. ನೀವು ಮೊದ್ಲು ಕೂತ್ಕೊಳ್ಳಿ."

"ಕೂತೇ ಇದೀನಿ." ಮೇಷ್ಟ್ರು ತಮ್ಮ ತೋಳನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಈ ಕರಡಿಮರಿಗಳನ್ನ ನೋಡಿ ನಿನಗೇನೂ ಅನ್ನಿಸ್ಲಿಲ್ವಾ?"

"ಮುದ್ದಾಗಿವೆ ಅನ್ನಿಸ್ತು ಸರ್."

"ಇದು ಚಿಕ್ಕ ಮಕ್ಕಳ ತೋಳಿಗೆ ಮಾಡಿದ್ದಮ್ಮ. ದಪ್ಪ ತೋಳಿಗೆ ಕಟ್ಟಿದ್ರೆ ರಕ್ತನಾಳ ಅದುಮೋಕೆ ಸುಮ್ಸುಮ್ನೆ ಜಾಸ್ತಿ ಗಾಳಿ ಬೇಕಾಗುತ್ತೆ. ಅಂಕಿ ಎಲ್ಲೋ ಹೋಗಿ ಕೂರುತ್ತೆ. ನೀನು ಅಳೆದಿರೋದು ಬಿಪಿ ಅಲ್ಲ, ತೋಳು. ಅದಕ್ಕೆ ದರ್ಜಿಯೋರಿದಾರೆ."

ತರಗತಿ ಸ್ಫೋಟಿಸಿತು. ಮೇಜಿನ ಮೇಲೆ ಈಜಿದವನಂತೂ ಬಿಡುಗಡೆ ಸಿಕ್ಕ ಕೈದಿಯ ಹಾಗೆ ನಗುತ್ತಿದ್ದ. ಮೇಷ್ಟ್ರು ಬೀರುವಿನಿಂದ ದೊಡ್ಡ ಪಟ್ಟಿ ತರಿಸಿ ನನ್ನಿಂದಲೇ ಮತ್ತೊಮ್ಮೆ ನೋಡಿಸಿದರು. ನೂರ ಇಪ್ಪತ್ತೆಂಟು. ಭೂಮಿ ಬಾಯಿ ಬಿಡಬೇಕಾದ ಆ ಗಳಿಗೆಯಲ್ಲಿ ನನಗೆ ಅವಮಾನವೇ ಆಗಲಿಲ್ಲ. ಎದೆಯೊಳಗೆ ಯಾರೋ ಕಿಟಕಿಗಳನ್ನು ಒಂದೊಂದಾಗಿ ತೆರೆಯುತ್ತಿದ್ದರು.

"ಸರ್, ಹಾಗಾದ್ರೆ ನಮ್ಮಪ್ಪನಿಗೆ ಏನೂ ಇಲ್ವಾ?"

"ನಿಮ್ಮಪ್ಪನಿಗೆ ಏನಾಯ್ತು?"

ಹೇಳಿದೆ. ಬಸ್ಸು, ಮಕ್ಕಳು, ಕೀಲಿ, ಇವತ್ತೇ ಒಪ್ಪಿಸುವುದು. ಮೇಷ್ಟ್ರ ಮುಖದ ನಗು ಇಳಿಯಿತು.

"ಮತ್ತೆ ಇಲ್ಲೇನು ನಿಂತಿದೀಯ? ಓಡು. ಕ್ಲಿನಿಕ್ಕಲ್ಲಿ ದೊಡ್ಡೋರ ಪಟ್ಟಿ ಕಟ್ಟಿ ನೋಡಿಸು."

ಓಡಿದೆ. ಫೋನ್ ಮಾಡಿದರೆ ಅಪ್ಪ ಎತ್ತಲಿಲ್ಲ. ಶಾಲೆಯ ಆವರಣದಲ್ಲಿ ಫೋನ್ ಮುಟ್ಟುವುದಿಲ್ಲ ಎಂಬುದು ಅವರ ನೇಮ. ಬಿಚ್ಚಿದ ಜಡೆ, ಹೆಗಲಲ್ಲಿ ಶಾಲು, ಕುತ್ತಿಗೆಯಲ್ಲಿ ಸ್ಟೆತಸ್ಕೋಪು. ದಾರಿಯಲ್ಲಿದ್ದವರು ಆಂಬುಲೆನ್ಸಿಗೆ ಬಿಡುವಂತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಅಪ್ಪ ಶಾಲೆಯ ಹಿಂದಿನ ಅಂಗಳದಲ್ಲಿ ತಮ್ಮ ಬಸ್ಸಿನ ಚಾಲಕರ ಸೀಟಿನಲ್ಲಿ ಕೂತಿದ್ದರು. ಬಸ್ಸು ನಿಂತೇ ಇತ್ತು. ಒಂದು ಬಟ್ಟೆಯಿಂದ ಸ್ಟೀರಿಂಗನ್ನು ನಿಧಾನವಾಗಿ ಒರೆಸುತ್ತಿದ್ದರು. ಕೀಲಿ ಇನ್ನೂ ಅವರ ಅಂಗಿಯ ಜೇಬಿನಲ್ಲಿತ್ತು.

"ಅಪ್ಪ, ನಿಮಗೆ ಬಿಪಿ ಇಲ್ಲ!"

"ಇವತ್ತು ಇಲ್ವಾ?"

"ಯಾವತ್ತೂ ಇರ್ಲಿಲ್ಲ. ಪಟ್ಟಿ ಮಕ್ಕಳದ್ದಂತೆ."

"ಮತ್ತೆ ಸೋಮವಾರದಿಂದ ತಲೆ ತಿರುಗ್ತಿದೆಯಲ್ಲ?"

"ಹೆದರಿಕೆಗಿರ್ಬೇಕು. ನೀವು ಸರಿಯಾಗಿ ಊಟನೂ ಮಾಡಿಲ್ಲ."

ಅಪ್ಪ ಒರೆಸುವ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟರು. "ಭಾನುವಾರ ಇದೆ ಅಂದವಳೂ ನೀನೇ, ಈಗ ಇಲ್ಲ ಅನ್ನೋಳೂ ನೀನೇ. ಇಬ್ಬರಲ್ಲಿ ಯಾರನ್ನ ನಂಬಲಿ?"

"ಇಬ್ಬರನ್ನೂ ಬೇಡಪ್ಪ. ಕ್ಲಿನಿಕ್ಕಿಗೆ ನಡೀರಿ."

ಶಾಲೆಯ ಎದುರಿನ ಕ್ಲಿನಿಕ್ಕಿನ ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಅಗಲವಾದ, ಒಂದೂ ಚಿತ್ರವಿಲ್ಲದ ಬೂದುಬಣ್ಣದ ಪಟ್ಟಿ ಸುತ್ತಿದರು. ನಾನು ಗೋಡೆಗೆ ಒರಗಿ ನಿಂತು ಮುಳ್ಳನ್ನೇ ನೋಡುತ್ತಿದ್ದೆ. ಅದು ಹತ್ತಿತು, ನಿಂತಿತು, ಸಭ್ಯ ಮನುಷ್ಯನಂತೆ ಮೆಟ್ಟಿಲಿಳಿಯಿತು.

"ನೂರ ಇಪ್ಪತ್ತನಾಲ್ಕು, ಎಂಬತ್ತು. ನನಗಿಂತ ಚೆನ್ನಾಗಿದೆ. ಯಾಕೆ ಬಂದ್ರಿ?"

"ಸ್ಕೂಲ್ ಬಸ್ ಓಡ್ಸೋನು ಸಾರ್ ನಾನು. ಒಬ್ರು ನೋಡಿ ನೂರ ಎಪ್ಪತ್ತು ಅಂದಿದ್ರು."

"ಯಾರು?"

"ನಮ್ಮ ಬೀದಿಯವ್ರೇ" ಎಂದರು ಅಪ್ಪ, ನನ್ನ ಕಡೆ ನೋಡದೆ.

"ಅಂಥೋರ ಕೈಗೆ ತೋಳು ಕೊಡ್ಬೇಡಿ. ಹೋಗಿ ಬಸ್ಸು ಓಡ್ಸಿ."

ಅಪ್ಪನ ಭುಜಗಳು ಇಳಿದವು. ಅಷ್ಟು ದಿನ ಅವು ಎಷ್ಟು ಮೇಲಿದ್ದವು ಎಂಬುದು ಆಗ ನನಗೆ ತಿಳಿಯಿತು. ಅಪ್ಪ ಅಂಗಿಯ ತೋಳು ಇಳಿಸಿಕೊಳ್ಳುತ್ತಿದ್ದಾಗ ಡಾಕ್ಟರು ನನ್ನತ್ತ ತಿರುಗಿದರು. ಸ್ಟೆತಸ್ಕೋಪು ಅಷ್ಟರಲ್ಲಿ ಶಾಲಿನೊಳಗೆ ಅಡಗಿತ್ತು.

"ಮಗಳಾ? ಏನು ಓದ್ತಾ ಇದೀಯಮ್ಮ?"

ಹೆಸರು, ಗುರಿ, ಹವ್ಯಾಸ, ಮೂರೂ ನಾಲಿಗೆಯ ತುದಿಗೆ ಬಂದು ನಿಂತವು. ನನ್ನ ಮಗಳು ಡಾಕ್ಟರಾಗ್ತಿದ್ದಾಳೆ ಎಂದು ಬಸ್ಸಿನ ಪ್ರತಿ ಮಗುವಿಗೂ, ದಾರಿಯ ಪ್ರತಿ ಅಂಗಡಿಗೂ ಹೇಳಿಕೊಂಡು ತಿರುಗುವ ನಮ್ಮಪ್ಪ, ನಾನು ಬಾಯಿ ತೆರೆಯುವ ಮುಂಚೆ ಅಡ್ಡ ಬಂದರು.

"ಇತಿಹಾಸ ಓದ್ತಾ ಇದ್ದಾಳೆ ಸಾರ್."

ನಾನು ತಲೆಯಾಡಿಸಿದೆ.

"ಒಳ್ಳೇದಾಯ್ತು" ಎಂದರು ಡಾಕ್ಟರು, ಪಟ್ಟಿ ಮಡಚುತ್ತ. "ಅದರಲ್ಲಿ ಬರೋರೆಲ್ಲ ಮೊದಲೇ ಸತ್ತಿರ್ತಾರೆ. ಇವಳಿಂದ ಯಾರಿಗೂ ಏನೂ ಆಗಲ್ಲ."