ನಾನು ಆರಿಸಿ ತಂದ ಬೋರ್ಡು

ಈ ಸಂಗತಿಯನ್ನು ಹೇಳದೆ ಮುಂದೂಡುತ್ತ ಬಂದು ಈಗ ನನ್ನ ಬಾಯಲ್ಲಿ ಹಲ್ಲೂ ಉಳಿದಿಲ್ಲ. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಏನಾದರೊಂದು ಅಡ್ಡ ಬರುತ್ತಿತ್ತು. ಚಹಾ ಬರುತ್ತಿತ್ತು, ಕರೆಂಟು ಹೋಗುತ್ತಿತ್ತು, ಎದುರಿಗೆ ಕೂತವರಿಗೆ ತಮ್ಮದೇ ಒಂದು ಸಂಗತಿ ನೆನಪಾಗುತ್ತಿತ್ತು. ಏನೂ ಅಡ್ಡ ಬರದಿದ್ದಾಗ ನಾನೇ ಕೆಮ್ಮುತ್ತಿದ್ದೆ. ಮೊನ್ನೆ ಬಾಗಲಕೋಟೆಯಿಂದ ಮೊಮ್ಮಗಳು ಬಂದಳು. ಬೀಜದ ಕಂಪನಿಯೊಂದರ ಮಾರಾಟದ ತಂಡದಲ್ಲಿದ್ದಾಳೆ. ಯಾರ ಕೆಲಸ ಎಲ್ಲಿಗೆ ಬಂತು ಎಂದು ತೋರಿಸುವ ಸಾಫ್ಟ್‌ವೇರ್ ಒಂದನ್ನು ಆರಿಸುವ ಹೊಣೆ ಅವಳ ಮೇಲೆ ಬಿದ್ದಿದೆಯಂತೆ. ಲ್ಯಾಪ್‌ಟಾಪಿನಲ್ಲಿ ಒಂದರ ಹಿಂದೊಂದು ತೋರಿಸಿದಳು. ಎಲ್ಲದರಲ್ಲೂ ಖಾನೆಗಳು, ಖಾನೆಯಿಂದ ಖಾನೆಗೆ ಜಾರುವ ಬಣ್ಣದ ಚೀಟಿಗಳು. "ಇದರಾಗ ಹೊಸಾದೇನೈತಿ? ಇದನ್ನ ನಾ ಇಳಕಲ್ಲಾಗ ಗ್ವಾಡಿಗೆ ಮೊಳಿ ಹೊಡದು ಹಾಕಿದ್ದೆ" ಅಂದೆ. "ಹೌದನ ಅಜ್ಜಾ? ಛಲೋ ನಡೀತೇನದು?" ಅಂದಳು. ನಾನು ಕೆಮ್ಮಿದೆ.

ಅದು ಎಂಬತ್ತರ ದಶಕ ಆಗಷ್ಟೇ ಶುರುವಾಗಿದ್ದ ಕಾಲ. ನಾನು ಎಸ್ಸೆಸ್ಸೆಲ್ಸಿ ಪಾಸಾದವನು, ಇಳಕಲ್ಲಿನ ಒಂದು ಸೀರೆ ಅಂಗಡಿಯಲ್ಲಿ ಮ್ಯಾನೇಜರನಾಗಿದ್ದೆ. ಮ್ಯಾನೇಜರ್ ಅಂದರೆ ಬಹಳ ದೊಡ್ಡದೇನಲ್ಲ, ಗಾದಿಯ ಮೇಲೆ ಕೂರುವ ಬದಲು ಕುರ್ಚಿಯ ಮೇಲೆ ಕೂರುತ್ತಿದ್ದೆ, ಅಷ್ಟೆ. ಊರೂರಿನ ಅಂಗಡಿಗಳಿಂದ ಆರ್ಡರು ಹಿಡಿದು ತಂದು, ಮಗ್ಗದವರಿಂದ ಸೀರೆ ನೇಯಿಸಿ, ಅವರಿಗೆ ಮುಟ್ಟಿಸುವುದು ನಮ್ಮ ಕೆಲಸ. ಬಾಗಲಕೋಟೆ ನನ್ನ ಪಾಲು. ಹುನಗುಂದದ ಕಡೆಗೆ ಮಲ್ಲು ಎಂಬ ಚುರುಕು ಹುಡುಗ. ಗುಳೇದಗುಡ್ಡ ದಾಟಿ ಬಾದಾಮಿಯವರೆಗೆ ಒಬ್ಬ ಹಿರಿಯರು ಹೋಗುತ್ತಿದ್ದರು. ನಾನು ಶಾಲೆಗೆ ಹೋಗುವಾಗಿನಿಂದಲೂ ಅವರದು ಅದೇ ದಾರಿ, ಅದೇ ಬಸ್ಸು, ಬಸ್ಸಿನಲ್ಲಿ ಅದೇ ಸೀಟು. ಅವರನ್ನು ಎಲ್ಲರೂ ಬಾದಾಮಿ ಮಾವ ಅನ್ನುತ್ತಿದ್ದರು. ಬಾದಾಮಿಯಲ್ಲಿ ಅವರು ಉಣ್ಣದ ಮನೆಯಿಲ್ಲ, ಕೂಸಿಗೆ ಹೆಸರಿಡುವಾಗ ಅವರನ್ನು ಕೇಳದ ಅಂಗಡಿಯವನಿಲ್ಲ. ನಶ್ಯ ಏರಿಸಿ ಅವರೊಮ್ಮೆ ಸೀನಿದರೆ ಮಡಿಚಿಟ್ಟ ಸೀರೆಯ ಸೆರಗು ಅಲ್ಲಾಡುತ್ತಿತ್ತು.

ಆಗ ನಮ್ಮ ಪದ್ಧತಿ ಎಂದರೆ ಮುಂಜಾನೆಯ ಚಹಾ. ಚಹಾ ಕುಡಿಯುತ್ತ ಅವರವರ ಕೆಲಸ ಅವರವರು ಹೇಳುತ್ತಿದ್ದರು, ಮಿರ್ಚಿ ಭಜಿ ಬರುವುದರೊಳಗೆ ಎಲ್ಲರೂ ಮರೆಯುತ್ತಿದ್ದರು. ನಮ್ಮ ಸಾವಕಾರರು ಸೊಲ್ಲಾಪುರಕ್ಕೆ ಬೀಗರ ಮನೆಗೆ ಹೋದವರು ಅಲ್ಲಿನ ಗಿರಣಿಯ ಕಚೇರಿಯಲ್ಲಿ ಏನೋ ನೋಡಿ ಬಂದು, "ಅವರಲ್ಲೆ ಎಲ್ಲಾ ಗ್ವಾಡಿ ಮ್ಯಾಲ ಕಾಣ್ತೈತಿ. ನಮ್ಮಲ್ಲಿ ಗ್ವಾಡಿ ಮ್ಯಾಲ ಹಲ್ಲಿ ಅಷ್ಟ ಕಾಣ್ತಾವು. ಮ್ಯಾನೇಜರ್ರ, ಯಾವುದರೆ ಒಂದು ಪದ್ಧತಿ ಆರಿಸಿ ತರ್ರಿ" ಅಂದರು.

ನಾನು ಆರಿಸಲು ಕೂತೆ. ಹೆಣ್ಣು ನೋಡುವಾಗಲೂ ನಾನು ಅಷ್ಟು ವಿಚಾರ ಮಾಡಿರಲಿಲ್ಲ. ಮೊದಲು ಕರಿಹಲಗೆ ತಂದೆ. ಮಲ್ಲು ಅದಕ್ಕೆ ಬೆನ್ನು ಕೊಟ್ಟು ನಿಂತು ಅಂಗಿಯ ಮೇಲೆ ಇಡೀ ಹುನಗುಂದವನ್ನು ಹೊತ್ತುಕೊಂಡು ಹೋದ. ಆಮೇಲೆ ಕಾರ್ಡುಗಳ ಪೆಟ್ಟಿಗೆ. ಅದರಲ್ಲಿ ಒಂದು ಕಾರ್ಡು ಹುಡುಕುವಷ್ಟರಲ್ಲಿ ಒಂದು ಸೀರೆ ನೇಯಬಹುದಿತ್ತು. ಕೊನೆಗೆ ಹುಬ್ಬಳ್ಳಿಯಿಂದ ಒಬ್ಬ ಏಜೆಂಟ್ ಬಂದ. ಇಳಕಲ್ಲಿನ ಬಿಸಿಲಿನಲ್ಲೂ ಟೈ ಬಿಚ್ಚದವನು. ಸಾಲುಸಾಲು ಕಿಸೆಗಳಿದ್ದ ದೊಡ್ಡ ಬೋರ್ಡನ್ನು ಗೋಡೆಗೆ ಆನಿಸಿ, "ಆರ್ಡರಿಗೊಂದು ಕಾರ್ಡ್ರಿ. ಆರ್ಡರ್ ಬಂದ್ರ ಈ ಖಾನಿ, ಕೆಲಸ ನಡದ್ರ ಈ ಖಾನಿ, ಮುಗದ್ರ ಈ ಖಾನಿ. ನೀವು ಕುಂತಲ್ಲೆ ಕುಂತು ಬಾದಾಮಿ ನೋಡಬಹುದ್ರಿ" ಅಂದ. ಅದನ್ನೇ ಆರಿಸಿದೆ. ಅದರ ಗುಣಗಳ ಬಗ್ಗೆ ಸಾವಕಾರರಿಗೆ ಒಂದು ತಾಸು ಹೇಳಿದೆ. ಆದರೆ ಖರೆ ಕಾರಣ ಹೇಳಲಿಲ್ಲ. ಬೋರ್ಡಿನ ನೆತ್ತಿಯ ಮೇಲೆ ಮ್ಯಾನೇಜರನ ಹೆಸರು ಸಿಕ್ಕಿಸಲು ಹಿತ್ತಾಳೆಯ ಚೌಕಟ್ಟಿತ್ತು.

ಮಲ್ಲುವಿಗೆ ಬೋರ್ಡು ತಕ್ಷಣ ಹಿಡಿಸಿತು. ಹುನಗುಂದದ ಕಾರ್ಡುಗಳನ್ನು ಬಂದ ದಿನವೇ ಕೊನೆಯ ಖಾನೆಗೆ ದಾಟಿಸಿದ. "ಮಾಲು ಇನ್ನಾ ಮಗ್ಗದಾಗ ಐತಲ್ಲೋ" ಅಂದರೆ, "ಹೆಂಗಿದ್ರೂ ಮುಗೀತೈತಲ್ರಿ" ಅಂದ. ಮಾವನ ಕಾರ್ಡುಗಳು ಮಾತ್ರ ನಡುವಿನ ಖಾನೆ ಬಿಟ್ಟು ಕದಲಲಿಲ್ಲ. ಮಾಲು ಮುಟ್ಟಿ, ಹಣ ಬಂದು, ಆ ಸೀರೆ ಉಟ್ಟವಳು ಬಾಣಂತಿಯಾದರೂ ಕಾರ್ಡು ಅಲ್ಲೇ.

"ಮಾವಾರ, ಇದು ಮುಗದೈತಲ್ರಿ, ಸರಸ್ರಿ" ಅಂದೆ.

"ಮುಗೀತು ಅಂತ ನಾ ನನ್ನ ಕೈಯಾರೆ ಹಾಕೂದಿಲ್ಲ" ಅಂದರು ಮಾವ. "ನಮ್ಮ ಮನ್ಯಾಗ ಮಗ್ಗ ಖಾಲಿ ಬಿಟ್ಟಾರೇನು ಯಾವಾಗರೆ? ಹಳೀ ಹಾಸಿನ ನೂಲು ತುದಿಗೆ ಬರೂದರಾಗ ಹೊಸಾ ಹಾಸಿನ ಎಳಿ ತಂದು ಕೂಡಸ್ತೇವಿ. ಆ ಅಂಗಡ್ಯಾಂವ ಮುಂದಿನ ಆರ್ಡರ್ ಕೊಡ್ಲಿ, ಆಗ ಈ ಕಾರ್ಡ್ ತಗೀತೇನಿ."

"ಅಂವ ಕೊಡದಿದ್ರ?"

"ಕೊಡ್ತಾನ. ಅವನ ಸಣ್ಣ ಮಗಳಿಗೆ ಇನ್ನಾ ಲಗ್ನ ಆಗಿಲ್ಲ."

ಆ ಸಣ್ಣ ಮಗಳು ಆಗ ಎರಡನೆಯ ಇಯತ್ತೆಯಲ್ಲಿ ಓದುತ್ತಿದ್ದಳು. ನಾನು ನಕ್ಕು ನನ್ನ ಕುರ್ಚಿಗೆ ಮರಳಿದೆ.

ಒಂದು ಸೋಮವಾರ ಸಾವಕಾರರು ಕನ್ನಡಕ ಏರಿಸಿ ಬೋರ್ಡಿನ ಮುಂದೆ ನಿಂತರು. ಹುನಗುಂದದ ಸಾಲಿನಲ್ಲಿ ಎಲ್ಲವೂ ಕೊನೆಯ ಖಾನೆಯಲ್ಲಿ. ಬಾದಾಮಿಯ ಸಾಲಿನಲ್ಲಿ ಕೊನೆಯ ಖಾನೆ ಖಾಲಿ. "ಏನ್ರಿ ಇದು? ಬಾದಾಮಿದು ಒಂದೂ ಮುಗದಿಲ್ಲ. ಮಾವಗ ವಯಸ್ಸಾತು ಕಾಣ್ತೈತಿ" ಅಂದರು. ಹಾಸಿನ ಎಳೆಯ ಮಾತನ್ನು ನಾನು ಆಗ ಹೇಳಬಹುದಿತ್ತು, ಒಂದೇ ವಾಕ್ಯ ಸಾಕಿತ್ತು. ಆದರೆ ಹೇಳಿದರೆ ಬೋರ್ಡಿನಲ್ಲಿ ಕಾಣುವುದು ನಿಜವಲ್ಲ ಎಂದು ಹೇಳಿದಂತಾಗುತ್ತಿತ್ತು, ಬೋರ್ಡಿನ ನೆತ್ತಿಯ ಮೇಲೆ ನನ್ನ ಹೆಸರಿತ್ತು. "ಬೋರ್ಡು ಸುಳ್ಳು ಹೇಳೂದಿಲ್ರಿ ಸಾವಕಾರ್ರ" ಅಂದೆ.

ಬಾಗಿಲಲ್ಲಿ ಮಾವ ನಿಂತಿದ್ದರು, ಕೈಯಲ್ಲಿ ಚಹಾದ ಬಟ್ಟಲು. ಕೇಳಿಸಿಕೊಂಡರು. ಚಹಾ ಪೂರ್ತಿ ಕುಡಿದರು. ಸಾವಕಾರರು, "ಮಾವಾರ, ಇನ್ನ ಗೋದಾಮು ನೋಡ್ಕೋರಿ. ಬಸ್ಸಿನ ತ್ರಾಸು ಬ್ಯಾಡ ನಿಮಗ" ಅಂದರೆ, "ಆತ್ರಿ" ಅಂದರು. ಅಷ್ಟೆ.

ಬಾದಾಮಿಯೂ ಮಲ್ಲುವಿಗೇ ಹೋಯಿತು. ಹುಡುಗರ ಬಾಯಿ ಗೊತ್ತಲ್ಲ, ಮರುದಿನವೇ "ಬಾದಾಮಿ ಮಾವ ಈಗ ಗೋದಾಮಿ ಮಾವ ಆದ್ರ" ಅಂದ. ಎಲ್ಲರೂ ನಕ್ಕೆವು. ಮಾವನೂ ನಕ್ಕರು. ಆದರೆ ಗೋದಾಮಿನಲ್ಲಿ ಕೂತವರ ಸೀನು ಅಂಗಡಿಗೆ ಕೇಳಿಸುವುದು ನಿಂತಿತು. ಮುಂಜಾನೆ ಬಾದಾಮಿ ಬಸ್ಸಿನ ಹೊತ್ತಿಗೆ ಎದ್ದು ಬಾಗಿಲಿಗೆ ಬಂದು, ಚಪ್ಪಲಿಯಲ್ಲಿ ಕಾಲಿಟ್ಟು, ಮತ್ತೆ ತೆಗೆದು ಒಳಗೆ ಹೋಗುತ್ತಿದ್ದರು. ಒಮ್ಮೆ ಬಾದಾಮಿಯಿಂದ ಯಾರೋ ಮುದುಕಿ ಅವರಿಗೆಂದು ರೊಟ್ಟಿ ಕಟ್ಟಿ ಕಳಿಸಿದ್ದಳು. ಮಲ್ಲು ದಾರಿಯಲ್ಲೇ ತಿಂದು ಬಂದು ಹಾಗೆಂದು ಹೇಳಿದ. "ಪಲ್ಯಾ ಏನಿತ್ತೋ?" ಎಂದು ಕೇಳಿದರು ಮಾವ. "ಬದನೀಕಾಯಿರಿ." ಅವತ್ತು ಮನೆಯಿಂದ ತಂದ ಡಬ್ಬಿಯನ್ನು ಅವರು ಬಿಚ್ಚಲೇ ಇಲ್ಲ.

ಅದನ್ನು ನೋಡಿ, ಆದದ್ದನ್ನು ಸರಿಪಡಿಸಲು ಹೊರಟೆ. ಸಾವಕಾರರ ಮುಂದೆ ಹೋಗಿ "ನಾ ಮುಚ್ಚಿಟ್ಟೆ" ಎನ್ನುವುದು ಸರಳ ದಾರಿ. ನಾನು ಹಿಡಿದದ್ದು ಬೇರೆ. ಮಧ್ಯಾಹ್ನ ಅಂಗಡಿ ತೂಕಡಿಸುವ ಹೊತ್ತಿನಲ್ಲಿ ಕುರ್ಚಿ ಹತ್ತಿ, ಮಲ್ಲು ದಾಟಿಸಿದ್ದ ಬಾದಾಮಿಯ ಕಾರ್ಡುಗಳನ್ನು ಕೊನೆಯ ಖಾನೆಯಿಂದ ತೆಗೆದು ನಡುವಿನದಕ್ಕೆ ಹಾಕತೊಡಗಿದೆ. ಮಲ್ಲುವಿನಿಂದಲೂ ಬಾದಾಮಿ ಮುಗಿಯುತ್ತಿಲ್ಲ ಎಂದು ಕಂಡರೆ ಮಾವನ ದಾರಿ ಮಾವನಿಗೆ ಬಂದೀತು ಎಂಬುದು ನನ್ನ ಬುದ್ಧಿ. ಸಂಜೆ ಮಲ್ಲು ಬಂದು ಮುಂದೆ ಹಾಕುತ್ತಿದ್ದ. ಮರುದಿನ ನಾನು ಹಿಂದೆ ಹಾಕುತ್ತಿದ್ದೆ. ಮಗ್ಗದ ಲಾಳಿಯೂ ಅಷ್ಟು ಓಡಾಡಿರಲಿಕ್ಕಿಲ್ಲ. ಮಲ್ಲು ಗಾಬರಿಯಾಗಿ ಬೋರ್ಡಿಗೆ ನಿಂಬೆಹಣ್ಣು ಕಟ್ಟಿದ.

ಕೊನೆಗೆ ಸಾವಕಾರರು ಎಲ್ಲರನ್ನೂ ಕರೆದು ನಿಲ್ಲಿಸಿದರು. "ನಿನ್ನಿ ಮುಗದಿದ್ದು ಇವತ್ತ ಹೆಂಗ ಮುಗದಿಲ್ಲ? ಯಾರು ಸರಸಾವ್ರು ಇವನ್ನ?" ಆ ಮಧ್ಯಾಹ್ನ ಅವರ ಹೆಜ್ಜೆ ಸಪ್ಪಳಕ್ಕೆ ಹೆದರಿ ಒಂದು ಕಾರ್ಡನ್ನು ಅಂಗಿಯ ಕಿಸೆಗೆ ತುರುಕಿಕೊಂಡಿದ್ದೆ. ಅದು ಅರ್ಧ ಹೊರಗೆ ಇಣುಕುತ್ತಿತ್ತು. ಸಾವಕಾರರ ಕಣ್ಣು ಬೋರ್ಡಿನ ಮೇಲಿತ್ತು. ಮಾವನ ಕಣ್ಣು ನನ್ನ ಕಿಸೆಯ ಮೇಲಿತ್ತು.

"ನಾ ಸರಸೇನ್ರಿ" ಅಂದರು ಮಾವ.

"ನೀವಾ? ಯಾಕ?"

"ಗೋದಾಮಿನ್ಯಾಗ ಹೊತ್ತು ಹೋಗವಲ್ದು. ಬಾದಾಮಿ ಹೆಸರರೆ ಕೈಗೆ ಹತ್ತಲಿ ಅಂತ."

ಸಾವಕಾರರು ನಕ್ಕುಬಿಟ್ಟರು. "ಅಷ್ಟು ಹಂಬಲ ಇದ್ರ ಬಾಯಿ ಬಿಟ್ಟು ಹೇಳಬಾರದೇನ್ರಿ? ನಾಳಿಂದ ಹೋಗ್ರಿ ಮಾರಾಯ್ರ. ಮ್ಯಾನೇಜರ್ರ, ಈ ಬೋರ್ಡು ಇಳಸ್ರಿ. ನೋಡಿ ನೋಡಿ ನನಗ ಕಣ್ಣಿಗೆ ಕತ್ತಲಿ ಬರಾಕತ್ತೈತಿ." ಬೋರ್ಡು ಇಳಿಯಿತು. ನಾವು ಚಹಾಕ್ಕೆ ಮರಳಿದೆವು.

ಮರುದಿನ ಮುಂಜಾನೆ ನಾನು ಬಸ್‌ಸ್ಟ್ಯಾಂಡಿಗೆ ಹೋದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಮಾವ ಸೀರೆಯ ಗಂಟು ಹೆಗಲಿಗೇರಿಸಿಕೊಂಡು ನಿಂತಿದ್ದರು.

"ಮಾವಾರ, ಒಂದು ಮಾತು ಹೇಳೂದಿತ್ರಿ."

"ಲಗೂನ ಹೇಳ್ರಿ, ಬಸ್ ಬಂತು."

"ಖಿಡಕಿ ಬಾಜು ಕೂಡ್ರಿ. ಗಾಳಿ ಛಲೋ ಬರ್ತೈತಿ."

"ಇಷ್ಟು ಹೇಳಾಕ ಇಲ್ಲಿತನ ಬಂದ್ರೇನು?"

"ಹೌದ್ರಿ."

ಅವರು ನನ್ನನ್ನು ನೋಡಿ, "ಇರ್ಲಿ, ಮುಂದ ಯಾವಾಗರೆ ಹೇಳ್ರಿ" ಅಂದು ಬಸ್ಸು ಹತ್ತಿದರು.

ಆ 'ಮುಂದ ಯಾವಾಗರೆ' ಬರಲಿಲ್ಲ ಎಂದಲ್ಲ, ದಿನಾ ಬರುತ್ತಿತ್ತು. ದಿನಾ ಮುಂಜಾನೆ ಎದುರಿಗೇ ಕೂತು ಬಸಿಯಲ್ಲಿ ಚಹಾ ಸುರಿದು ಊದುತ್ತಿತ್ತು. ನಾನು ಹವೆಯ ಮಾತಾಡಿದೆ, ಬಸ್ಸಿನ ಮಾತಾಡಿದೆ, ಅವರ ಮೊಣಕಾಲಿಗೆ ಔಷಧ ಹೇಳಿದೆ. ಹೀಗೆ ವರ್ಷಗಳು ಸಂದವು. ಮಾವ ತೀರಿಕೊಂಡರು. ಅವರ ಮಣ್ಣಿಗೆ ಬಾದಾಮಿಯಿಂದ ಒಂದು ಬಸ್ಸು ತುಂಬ ಜನ ಬಂದಿದ್ದರು. ಅಂಗಡಿಯ ಪರವಾಗಿ ಎರಡು ಮಾತಾಡಿ ಎಂದು ನನ್ನನ್ನು ಮುಂದೆ ನೂಕಿದರು. ಎದ್ದು ನಿಂತು "ನಮ್ಮ ಬಾದಾಮಿ ಮಾವ" ಎಂದು ಶುರು ಮಾಡಿದೆ. ಹಿಂದಿನಿಂದ ಯಾರೋ, "ಹೆಸರು ಹೇಳ್ರಿ ಮ್ಯಾನೇಜರ್ರ" ಅಂದರು. ನನಗೆ ತಿಳಿದಿರಲಿಲ್ಲ. ಅಷ್ಟು ವರ್ಷ ಒಂದೇ ಸೂರಿನ ಕೆಳಗೆ ಕೂತು, ಅವರ ಪ್ರತಿ ಕಾರ್ಡಿನ ಮೇಲೂ ನನ್ನ ಕೈಯಿಂದಲೇ 'ಮಾವ' ಎಂದು ಬರೆದು ಕೆಲಸ ಮುಗಿಸಿದ್ದೆ. ಪಕ್ಕದಲ್ಲಿದ್ದ ಅವರ ಮಗಳು ಸೆರಗು ಬಾಯಿಗೆ ಹಿಡಿದುಕೊಂಡೇ ಮೆಲ್ಲಗೆ ಹೇಳಿಕೊಟ್ಟಳು.

ಸಂಗನಬಸಪ್ಪ.