ಮಿಸೈಲಿಗೆ ಹಾಕಿದ ಪಟ್ಟಿ

ಗಂಡಸರು ಯುದ್ಧದ ವಿಷಯಕ್ಕೆ ಕೂತರೆ ಹೆಂಗಸರು ಕಾಫಿಗೆ ಏಳಬೇಕು ಎಂಬ ರೂಲ್ ಮಾಡಿದವರು ಯಾರೋ ನನಗೆ ತಿಳಿಯದು. ನಾನು ಅದನ್ನು ಮುರಿದದ್ದು ಒಂದೇ ಒಂದು ಸಲ. ಪಶ್ಚಾತ್ತಾಪವೇ? ನಾಟ್ ಅಟ್ ಆಲ್.

ಆಗ ನಾವು ಗಂಗಾನಗರದ ಬಾಡಿಗೆ ಮನೆಯಲ್ಲಿದ್ದೆವು. ಇರಾನ್-ಇರಾಕ್ ಯುದ್ಧ ಎಂಟನೇ ವರ್ಷಕ್ಕೆ ಕಾಲಿಟ್ಟಿತ್ತು. ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದ ನಮ್ಮ ಯಜಮಾನರಿಗೆ ಪೇಪರಿನಲ್ಲಿ ಬಂದ ವಿಮಾನ, ಟ್ಯಾಂಕು, ಮಿಸೈಲುಗಳ ಚಿತ್ರ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸುವ ಹುಚ್ಚು. ನಮ್ಮ ಮದುವೆಯ ಫೋಟೋಗಳು ಮಾತ್ರ ಇನ್ನೂ ಸ್ಟುಡಿಯೋದವನ ಕವರಿನಲ್ಲೇ ಇದ್ದವು, ಇರಲಿ. ಭಾನುವಾರ ಬೆಳಗ್ಗೆ ಅವರ ಸಹೋದ್ಯೋಗಿ, ಧಾರವಾಡದ ಪಾಟೀಲರು ಶೆಟ್ಟಿಹಳ್ಳಿಯಿಂದ ಸ್ಕೂಟರಿನಲ್ಲಿ ಬರುವರು. ಯಾವ ಚಿತ್ರ ಯಾವ ಆಯುಧದ್ದು ಎಂದು ಇಬ್ಬರೂ ತೀರ್ಪು ಕೊಡುವರು.

ಆ ಭಾನುವಾರದ ಚಿತ್ರ ಇರಾನಿನ ರಾಜಧಾನಿ ಟೆಹರಾನಿನದು. ಕುಸಿದ ಮನೆಯೊಂದರ ಮುಂದೆ ಮಿಸೈಲಿನ ಮುರಿದ ಕೊಳವೆ ಬಿದ್ದಿತ್ತು. ಇರಾಕಿನ ಬಳಿ ಇದ್ದದ್ದು ರಷ್ಯಾದ ಹಳೇ ಸ್ಕಡ್ ಮಿಸೈಲು, ಅದು ಅಷ್ಟು ದೂರ ಹಾರದು. ಹಾಗಾದರೆ ಇದು ಯಾವುದು?

"ಹೊಸ ಮಾಡೆಲ್ ಕಣ್ರೀ ಪಾಟೀಲ್, ರಷ್ಯಾದವರು ಗುಟ್ಟಾಗಿ ಕೊಟ್ಟಿದ್ದಾರೆ," ಎಂದರು ಯಜಮಾನರು.

"ಏ, ಚೀನಾದ್ದ ಐತ್ರಿ ಸರ. ಬೇಕಾದ್ರ ಬರದು ಕೊಡ್ತೇನಿ," ಎಂದರು ಪಾಟೀಲರು.

ನಾನು ಕಿಟಕಿಯ ಪಕ್ಕ ಹೊಲಿಗೆ ಮೆಷಿನ್ ಮುಂದಿದ್ದೆ. ಮಗಳು ಸುಧಾ ಒಂದೇ ವರ್ಷದಲ್ಲಿ ಬಿದಿರಿನಂತೆ ಬೆಳೆದಿದ್ದಳು. ಅವಳ ಯೂನಿಫಾರ್ಮ್ ಸ್ಕರ್ಟನ್ನು ಅಡ್ಡಕ್ಕೆ ಕತ್ತರಿಸಿ, ನಡುವೆ ನಾಲ್ಕು ಬೆರಳಗಲದ ಪಟ್ಟಿ ಸೇರಿಸುತ್ತಿದ್ದೆ. ಒಗೆದು ಒಗೆದು ಮಾಸಿದ ನೀಲಿಯ ನಡುವೆ ಅಂಗಡಿಯ ಹೊಸ ನೀಲಿ. "ಅಮ್ಮಾ, ಎಲ್ರಿಗೂ ಕಾಣತ್ತೆ," ಎಂದು ಅವಳು ಮುಖ ಊದಿಸಿಕೊಂಡಿದ್ದಳು. "ಯಾರೂ ಅಷ್ಟೊಂದು ನೋಡಲ್ಲ ಹೋಗೇ," ಎಂದು ಗದರಿದ್ದೆ.

"ಲೇ, ಕಾಫಿ ಆಯ್ತೇನೇ?" ಎಂಬ ಕೂಗು ಬಂತು. ಎದ್ದವಳು ಅಡಿಗೆಮನೆಗೆ ಹೋಗುವ ಬದಲು ಆಲ್ಬಮ್ಮಿನ ಮೇಲೆ ಬಗ್ಗಿದೆ.

"ಇದು ಹಳೇದೇ ರೀ. ಉದ್ದ ಮಾಡಿದ್ದಾರೆ ಅಷ್ಟೆ."

"ವೈನೀ, ಇದು ಮಿಸೈಲ್ ಐತ್ರಿ, ಲಂಗ ಅಲ್ಲ!" ನನ್ನನ್ನು ಅತ್ತಿಗೆ ಎಂದು ಕರೆಯುವ ಪಾಟೀಲರು ನಕ್ಕರು. ಯಜಮಾನರು ಅವರಿಗಿಂತ ಜೋರಾಗಿ ನಕ್ಕರು.

ಆ ನಗುವೇ ನನ್ನನ್ನು ಕೆಣಕಿತು. ಕಾನ್ವೆಂಟಿನಲ್ಲಿ ನೀಡಲ್‌ವರ್ಕ್ ಕಲಿಸಿದ ಸಿಸ್ಟರ್ ನನ್ನ ಒಂದೇ ಕಾಲರನ್ನು ಐದು ಸಲ ಬಿಚ್ಚಿಸಿದ್ದರು. ಜಾಯಿಂಟ್ ಎಂದರೇನೆಂದು ನನಗೆ ಇವರು ಹೇಳಿಕೊಡಬೇಕೆ? "ಕಾಫಿ ಇಲ್ಲ. ಮೊದಲು ಇಲ್ಲಿ ನೋಡಿ," ಎಂದು ಇಂಚ್ ಟೇಪನ್ನು ಫೋಟೋದ ಮೇಲೆಯೇ ಇಟ್ಟೆ. "ಹಿಂದಿನ ಪುಟದಲ್ಲಿರೋ ನಿಮ್ಮ ಹಳೇ ಸ್ಕಡ್ಡಿಗೆ ಇಲ್ಲಿ ಒಂದೇ ಜಾಯಿಂಟ್. ಇದಕ್ಕೆ ಎರಡು. ಮಧ್ಯದ ಪಟ್ಟಿ ಒಂದು ಶೇಡ್ ಬೇರೆ. ಇಂಧನ ಜಾಸ್ತಿ ಹಿಡೀಲಿ ಅಂತ ಹೊಟ್ಟೆಗೆ ತುಂಡು ಸೇರಿಸಿದ್ದಾರೆ."

"ಹಂಗೆಲ್ಲ ತೇಪೆ ಹಾಕಿ ಹಾರಿಸಕ್ಕಾಗಲ್ಲ ಕಣೇ."

"ಹಾರಿಸಿದ್ದಾರಲ್ಲ ರೀ. ಆ ಮನೆ ನೋಡಿ."

ಚಿತ್ರದಲ್ಲಿ ಗೋಡೆ ಬಿದ್ದಿದ್ದರೂ ಕಿಟಕಿಯೊಂದಕ್ಕೆ ಕರ್ಟನ್ ಇನ್ನೂ ತೂಗುತ್ತಿತ್ತು. ಯಾರೋ ಕೂತು ಹೊಲಿದದ್ದು. ಆದರೂ ಯಜಮಾನರು ಚಿತ್ರದ ಕೆಳಗೆ ಇಂಕಿನಲ್ಲಿ "ಹೊಸ ಮಾದರಿ, ರಷ್ಯಾ" ಎಂದು ಬರೆದರು. ನಾನು ಅದೇ ಪೆನ್ನು ಕಸಿದುಕೊಂಡು, "ಹಳೆಯದು, ಉದ್ದ ಮಾಡಿದ್ದು" ಎಂದು ಬರೆದು ಸಹಿ ಹಾಕಿದೆ. ಅವತ್ತು ಪಾಟೀಲರು ಕಾಫಿಯಿಲ್ಲದೆ ಹೋದರು.

ಎಷ್ಟೋ ತಿಂಗಳ ಮೇಲೆ ಮ್ಯಾಗಜೀನೊಂದರಲ್ಲಿ ಬಂತು: ಇರಾಕಿನವರು ಹಳೇ ಸ್ಕಡ್ಡುಗಳನ್ನೇ ಕತ್ತರಿಸಿ, ಒಂದರ ತುಂಡನ್ನು ಇನ್ನೊಂದಕ್ಕೆ ಸೇರಿಸಿ ಉದ್ದ ಮಾಡಿದ್ದರಂತೆ. "ನನಗೂ ಆ ಡೌಟ್ ಇತ್ತು," ಎಂದರು ಯಜಮಾನರು. ಪಾಟೀಲರು ದೊಡ್ಡ ಮನಸ್ಸಿನವರು. "ವೈನೀ, ನಾಳಿಂದ ಫ್ಯಾಕ್ಟರಿಗೆ ನೀವ ಹೋಗ್ರಿ," ಎಂದು ತಾವೇ ಒಳಗೆ ಹೋಗಿ ಕಾಫಿ ಮಾಡಿ ತಂದರು. ಕಲಗಚ್ಚಿನಂತಿತ್ತು. ರಾಣಿಯಂತೆ ಕೂತು ಪೂರ್ತಿ ಕುಡಿದೆ.

ಬಾಗಿಲಲ್ಲಿ ಸುಧಾ ನಿಂತಿದ್ದಳು, ಅದೇ ಸ್ಕರ್ಟಿನಲ್ಲಿ. "ಅಮ್ಮಾ, ಮಸುಕು ಫೋಟೋದಲ್ಲಿ ಟೆಹರಾನಿನ ಪಟ್ಟಿ ನಿಂಗೆ ಕಾಣ್ತು. ನಂದು ಮಾತ್ರ ಯಾರಿಗೂ ಕಾಣಲ್ವಾ?"

ಇಬ್ಬರು ಇಂಜಿನಿಯರುಗಳಿಗೆ ಜಗ್ಗದವಳು ಮರುದಿನವೇ ಆರ್.ಟಿ. ನಗರದ ಅಂಗಡಿಗೆ ಹೋಗಿ ಹೊಸ ನೀಲಿ ಬಟ್ಟೆ ತಂದೆ.

ಆ ಆಲ್ಬಮ್ ಈಗ ನನ್ನ ಬಳಿ ಇದೆ, ವಾದಕ್ಕೆ ಯಜಮಾನರಿಲ್ಲ. ನನ್ನ ಸಹಿ ಒಂದಿಷ್ಟೂ ಮಾಸಿಲ್ಲ. ಎದುರಿನ ಪುಟದಲ್ಲಿ ಆ ಹಳೇ ಸ್ಕರ್ಟಿನ ಎರಡು ನೀಲಿಯ ತುಂಡೊಂದನ್ನು ಸುಧಾ ಅಂಟಿಸಿದ್ದಾಳೆ. ಅದರ ಕೆಳಗೆ ಅವಳ ಅಕ್ಷರದಲ್ಲಿದೆ: "ಹಳೆಯದು, ಉದ್ದ ಮಾಡಿದ್ದು."