ನನ್ನ ಬಲಗಾಲು ಹೂ ಬಿಟ್ಟ ಪ್ರಸಂಗ

ಕಾಲು ಮುರಿದರೆ ಪ್ಲಾಸ್ಟರ್ ಹಾಕುತ್ತಾರೆ, ಮೂಳೆ ಕೂಡಿದರೆ ಪ್ಲಾಸ್ಟರ್ ತೆಗೆಯುತ್ತಾರೆ. ಇದು ಲೋಕದಲ್ಲಿ ನಡೆದುಕೊಂಡು ಬಂದ ಕ್ರಮ. (‘ನಡೆದುಕೊಂಡು’ ಎಂಬ ಮಾತು ಕಿವಿಗೆ ಬಿದ್ದರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.) ನನ್ನ ವಿಷಯದಲ್ಲಿ ಕಾಲು ಮುರಿಯಿತು, ಪ್ಲಾಸ್ಟರ್ ಬಿತ್ತು, ಮೂಳೆಯೂ ಕೂಡಿತು. ಪ್ಲಾಸ್ಟರ್ ತೆಗೆಯುವ ಹೊತ್ತಿಗೆ ಮಾತ್ರ ನನ್ನ ಹೆಂಡತಿ ಅಡ್ಡ ನಿಂತಳು. ಕಾರಣ ಹೇಳಿದರೆ ಪೆಟ್ಟು ಬಿದ್ದದ್ದು ಕಾಲಿಗಲ್ಲ, ತಲೆಗೆ ಎಂದುಕೊಳ್ಳುತ್ತೀರಿ. ಆದರೂ ಹೇಳಿಬಿಡುತ್ತೇನೆ. ನನ್ನ ಬಲಗಾಲು ಮೊಗ್ಗು ಬಿಟ್ಟಿತ್ತು.

ಮೊದಲಿಂದ ಹೇಳಬೇಕು. ನಮ್ಮ ಮನೆಯಲ್ಲಿ ಕುಂಡದಲ್ಲಿ ಬೆಳೆಸಿದ ಒಂದು ಹೋಯಾ ಬಳ್ಳಿ ಇದೆ. ದಪ್ಪ ಎಲೆ, ಮೇಣ ಸವರಿದಂಥ ಹೊಳಪು. ನಕ್ಷತ್ರದಂಥ ಪುಟಾಣಿ ಹೂಗಳು ಒಂದೇ ಗೊಂಚಲಲ್ಲಿ ಚೆಂಡಿನ ಹಾಗೆ ಅರಳುತ್ತವಂತೆ. ‘ಅಂತೆ’ ಯಾಕೆಂದರೆ, ಬಳ್ಳಿ ಮನೆಗೆ ಬಂದು ಏಳು ವರ್ಷವಾದರೂ ಹೂವಿನ ಸುದ್ದಿಯೇ ಇರಲಿಲ್ಲ. ನನ್ನ ಹೆಂಡತಿಯ ಸೇವೆಯಲ್ಲಿ ಏನೂ ಕೊರತೆಯಿಲ್ಲ. ನೀರು ಹೆಚ್ಚಾಗಬಾರದು, ನೆತ್ತಿಗೆ ಬಿಸಿಲು ಬೀಳಬಾರದು, ಬೆಳಕು ಕಡಿಮೆಯಾಗಬಾರದು, ದೊಡ್ಡ ಕುಂಡ ಕೊಟ್ಟು ಬೇರಿಗೆ ಸದರ ಕೊಡಬಾರದು. ಒಂದೊಂದು ಎಲೆಯನ್ನೂ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾಳೆ. (ನನ್ನ ಕನ್ನಡಕ ಒರೆಸಿಕೊಡು ಎಂದರೆ “ನಿಮಗೇನು ಕೈ ಇಲ್ವಾ?” ಎನ್ನುತ್ತಾಳೆ.)

ಈ ಸೇವೆಯ ಹಿಂದೆ ಒಂದು ಹಟವಿತ್ತು. ಗಿಡ ಹೊಸದಾಗಿ ಬಂದಾಗ ಎದುರು ಮನೆಯಾಕೆ ಬಂದು, ಉಗುರಿನಲ್ಲಿ ಎಲೆಯನ್ನು ಟಕ್ಕೆಂದು ಹೊಡೆದು, “ಪ್ಲಾಸ್ಟಿಕ್ ಅಂತ ಗೊತ್ತೇ ಆಗಲ್ಲ ಅಕ್ಕಾ, ಎಲ್ಲಿ ತಗೊಂಡ್ರಿ?” ಎಂದುಬಿಟ್ಟಿದ್ದಳು. ನಿಜವಾದ ಗಿಡ ಎಂದು ನನ್ನ ಹೆಂಡತಿ ಎಷ್ಟು ಹೇಳಿದರೂ “ಹೌದಾ? ಹಾಗಾದ್ರೆ ಹೂ ಬಿಟ್ಟಾಗ ಕರೀರಿ” ಎಂದು ನಗುತ್ತಾ ಹೋದಳು. ಅಂದಿನಿಂದ ನಮ್ಮ ಮನೆಯಲ್ಲಿ ಆಕೆಯ ಹೆಸರು ‘ಪ್ಲಾಸ್ಟಿಕ್ಕು’. ರಸ್ತೆಯಲ್ಲಿ ಸಿಕ್ಕಾಗಲೆಲ್ಲ ಆಕೆ ಕೇಳುವುದು ಒಂದೇ ಪ್ರಶ್ನೆ. ಅದನ್ನು ಕೇಳಿಸಿಕೊಂಡು ಬಂದ ದಿನ ನನ್ನ ಊಟಕ್ಕೆ ಉಪ್ಪು ಇರುತ್ತಿರಲಿಲ್ಲ.

ಕಿಟಕಿಯ ಮೇಲೆ ತೂಗುಹಾಕಿದರೆ ಹೂ ಬಿಡುತ್ತದೆ ಎಂದು ಯಾರೋ ಹೇಳಿದರು. ಅಲ್ಲೊಂದು ಕೊಕ್ಕೆ ಇತ್ತು. ಮನೆಯಲ್ಲೊಂದು ಸ್ಟೂಲೂ ಇತ್ತು. ಅದರ ಮೂರು ಕಾಲು ಸರಿಯಾಗಿದ್ದವು. ನಾನು ಸ್ಟೂಲು ಹತ್ತಿ, ಕುಂಡ ಎತ್ತಿ ಹಿಡಿದು, “ಅಲ್ಲಾಡ್ತಿದೆ, ಹಿಡ್ಕೊಳೇ, ಸ್ಟೂಲು ಹಿಡ್ಕೋ!” ಎಂದು ಕೂಗಿದೆ. ಆ ಗಳಿಗೆಯಲ್ಲಿ ಕೆಳಗೆ ಬರುತ್ತಿದ್ದ ವಸ್ತುಗಳು ಎರಡು: ಗಂಡ ಮತ್ತು ಕುಂಡ. ಅವಳಿಗೆ ಇದ್ದ ಕೈಗಳೂ ಎರಡು. ಎರಡರಲ್ಲೂ ಕುಂಡ ಹಿಡಿದಳು.

ಆಸ್ಪತ್ರೆಯಲ್ಲಿ ಕೇಳಿದೆ, “ಅಲ್ಲ ಕಣೇ, ನನ್ನನ್ನ ಹಿಡಿಯೋದು ಬಿಟ್ಟು...”

“ನಿಮ್ಮ ತೂಕ ಎಷ್ಟು, ಕುಂಡದ ತೂಕ ಎಷ್ಟು? ಹಿಡಿಯೋಕಾಗೋದನ್ನ ತಾನೇ ಹಿಡಿಯೋದು?” ಎಂದಳು.

ಮೂಳೆ ಡಾಕ್ಟರು ಕೂಡ ತಲೆಯಾಡಿಸಿದರು. ನನ್ನ ಪರವಾಗಿ ಅಲ್ಲ.

ನನ್ನದು ಚಪ್ಪಲಿ ಅಂಗಡಿಯಲ್ಲಿ ಕೆಲಸ. ದಿನವಿಡೀ ಮಂಡಿಯೂರಿ ಕುಳಿತು ಕಂಡಕಂಡವರ ಕಾಲು ಹಿಡಿಯುವ ಉದ್ಯೋಗ. ಈಗ ನನ್ನ ಕಾಲನ್ನು ನಾಲ್ಕು ಜನ ಉಪಚರಿಸುತ್ತಾರೆ ಎಂದು ಒಳಗೊಳಗೇ ಸಂತೋಷವೂ ಆಗಿತ್ತು. ಕಿಟಕಿಯ ಪಕ್ಕ ಆರಾಮ ಕುರ್ಚಿ, ಮುಂದೆ ಟೀಪಾಯಿ, ಅದರ ಮೇಲೆ ಮಂಡಿಯವರೆಗೆ ಬೆಳ್ಳಗೆ ಬಿಗಿದ ನನ್ನ ಕಾಲು. ತೂಗುಹಾಕುವವರು ಬೇರೆ ಯಾರೂ ಇಲ್ಲದ ಕಾರಣ ಬಳ್ಳಿಯ ಕುಂಡ ನನ್ನ ಪಕ್ಕದಲ್ಲೇ ಕಿಟಕಿಯ ಕಟ್ಟೆಯ ಮೇಲೆ ಕುಳಿತಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಾಲ ಕಳೆದೆವು.

ಹೋಯಾದ ಒಂದು ಅಭ್ಯಾಸ ನಿಮಗೆ ಗೊತ್ತಿರಲಿ. ಅದು ಎಲೆಯಿಲ್ಲದ ಉದ್ದನೆಯ ಕುಡಿಯನ್ನು ಚಾಚಿ, ಕತ್ತಲಲ್ಲಿ ಸ್ವಿಚ್ಚು ಹುಡುಕುವವರ ಹಾಗೆ ಗಾಳಿಯಲ್ಲಿ ತಡಕಾಡುತ್ತದೆ. ಸಿಕ್ಕಿದ್ದನ್ನು ಸುತ್ತಿಕೊಳ್ಳುತ್ತದೆ. ಒಂದು ಮಧ್ಯಾಹ್ನ ಕಣ್ಣು ಬಿಟ್ಟು ನೋಡಿದರೆ ಒಂದು ಕುಡಿ ನನ್ನ ಪ್ಲಾಸ್ಟರಿನ ಅಂಚಿಗೆ ಬಂದು ಮುಟ್ಟಿತ್ತು. ನಾನು ಮಾಡಿದ ಮಹಾಪರಾಧ ಆಗಲೇ. ಹೊತ್ತು ಹೋಗದೆ, ತಮಾಷೆಗೆಂದು, ನನ್ನ ಕೈಯಾರೆ ಅದನ್ನು ಹಿಡಿದು ಕಾಲಿಗೆ ಒಂದು ಸುತ್ತು ಸುತ್ತಿದೆ. ಮಿಕ್ಕ ಸುತ್ತುಗಳನ್ನು ಅದೇ ಸುತ್ತಿಕೊಂಡಿತು. ಹೆಂಡತಿ ನೋಡಿ ಬೈಯಲಿಲ್ಲ. “ಇರಲಿ, ಮುಟ್ಟಬೇಡಿ. ಅಂತೂ ನೀವು ಒಂದು ಜೀವಕ್ಕೆ ಆಸರೆ ಆದ್ರಲ್ಲ” ಎಂದಳು.

ಪ್ಲಾಸ್ಟರ್ ತೆಗೆಸಲು ಹೋಗುವ ಹಿಂದಿನ ದಿನ ನನ್ನ ಮಂಡಿಯ ಹತ್ತಿರದಿಂದ ಕಿಟಾರನೆ ಒಂದು ಕೂಗು ಕೇಳಿಸಿತು. ಹಲ್ಲಿ ಎಂದುಕೊಂಡು ನಾನೂ ಕೂಗಿದೆ.

“ರೀ! ಮೊಗ್ಗು!”

ಬಗ್ಗಿ ನೋಡಿದೆ. ಕಾಲಿಗೆ ಸುತ್ತಿದ ಕುಡಿಯಿಂದ ಒಂದು ಪುಟ್ಟ ಕಡ್ಡಿ ಹೊರಟಿತ್ತು. ತುದಿಯಲ್ಲಿ ಸಾಸಿವೆ ಕಾಳಿನಂಥ ಮೊಗ್ಗುಗಳ ರಾಶಿ. ಹೆಂಡತಿಯ ಕಣ್ಣಲ್ಲಿ ನೀರು. ನಾನು ಬಿದ್ದ ದಿನವೂ ಆ ನೀರನ್ನು ನಾನು ಕಂಡಿರಲಿಲ್ಲ.

“ಸಂತೋಷ. ನಾಳೆ ಆಸ್ಪತ್ರೆಗೆ ಎಷ್ಟು ಹೊತ್ತಿಗೆ ಹೋಗೋಣ?” ಎಂದೆ.

“ಯಾವ ಆಸ್ಪತ್ರೆ?”

“ಪ್ಲಾಸ್ಟರ್ ತೆಗೆಸಬೇಕಲ್ಲ!”

“ಏನ್ರೀ ನೀವು, ಸ್ವಲ್ಪನಾದ್ರೂ ಕರುಣೆ ಇದ್ಯಾ? ಮೊಗ್ಗು ಬಂದ ಮೇಲೆ ಹೋಯಾನ ಜಾಗ ಬದಲಾಯಿಸಬಾರದು. ಎಲ್ಲಾ ಉದುರಿಹೋಗತ್ತೆ.”

“ಅದರ ಜಾಗ ನನ್ನ ಕಾಲು ಕಣೇ!”

“ಅದನ್ನೇ ನಾನೂ ಹೇಳ್ತಿರೋದು. ಕಾಲು ಬದಲಾಯಿಸಬೇಡಿ.”

ಇಂಥ ಸಂದರ್ಭದಲ್ಲಿ ಗಂಡಸಾದವನು ಕಾಲಿಗೆ ಬುದ್ಧಿ ಹೇಳಬೇಕು. ನನ್ನ ಕಾಲು ಬುದ್ಧಿ ಕೇಳುವ ಸ್ಥಿತಿಯಲ್ಲಿರಲಿಲ್ಲ.

ಅಂದಿನಿಂದ ನನ್ನ ಪ್ರಪಂಚ ಬಳ್ಳಿ ಎಷ್ಟು ಉದ್ದವೋ ಅಷ್ಟೇ ಆಯಿತು. ಊಟ ಕುರ್ಚಿಯಲ್ಲಿ, ನಿದ್ದೆ ಕುರ್ಚಿಯಲ್ಲಿ. ಬಚ್ಚಲಿಗೆ ಹೋಗಲು ಮಾತ್ರ ಅಪ್ಪಣೆ, ಅದೂ “ಬೆಳಗ್ಗೆ ತಾನೇ ಹೋಗಿದ್ರಲ್ಲ?” ಎಂಬ ವಿಚಾರಣೆಯ ನಂತರ. ಮುಂದೆ ಅವಳು ಕುಂಡ ಎದೆಗವಚಿಕೊಂಡು, ಹಿಂದೆ ಊರುಗೋಲಿನಲ್ಲಿ ನಾನು. ಮೊಗ್ಗಿನ ಮುಖ ಸದಾ ಕಿಟಕಿಯ ಕಡೆಗೇ ಇರಬೇಕಾದ್ದರಿಂದ ಹೋಗುವಾಗ ಏಡಿಯ ಹಾಗೆ ಅಡ್ಡಡ್ಡ, ಬರುವಾಗ ಹಿಮ್ಮುಖ. “ತಿರುಗಬೇಡಿ! ಬೆಳಕು! ಬೆಳಕು!” ಎಂಬ ಬಹುಪರಾಕಿನೊಂದಿಗೆ ನಮ್ಮ ಮೆರವಣಿಗೆ ನಡುಮನೆ ದಾಟುತ್ತಿತ್ತು. ಒಳಗೆ ಹೋದ ಮೇಲೂ ಬಾಗಿಲು ಹಾಕುವಂತಿಲ್ಲ, ಬಳ್ಳಿ ಸಿಕ್ಕಿಕೊಳ್ಳುತ್ತದೆ. ಕುಂಡ ಹೊರಗೆ, ನಾನು ಒಳಗೆ, ನಡುವೆ ಮರ್ಯಾದೆ.

ನನಗಿದ್ದ ಒಂದೇ ಭರವಸೆ ಮೂಳೆ ಡಾಕ್ಟರು. ಹೆಂಡತಿ ಅಡುಗೆಮನೆಯಲ್ಲಿದ್ದಾಗ ಕಳ್ಳತನದಲ್ಲಿ ಫೋನ್ ಮಾಡಿ, “ಡಾಕ್ಟ್ರೇ, ನನ್ನ ಕೈಲಿ ಅಲ್ಲಿಗೆ ಬರೋಕಾಗಲ್ಲ. ನೀವೇ ಬಂದು ನನ್ನನ್ನ ಬಿಡಿಸಿ” ಎಂದು ಗೋಗರೆದೆ. ದೊಡ್ಡ ಮನಸ್ಸಿನ ಮನುಷ್ಯ. ಪ್ಲಾಸ್ಟರ್ ಕೊಯ್ಯುವ ಪುಟ್ಟ ಗರಗಸ ಹಿಡಿದು ಸಂಜೆಗೇ ಬಂದರು. ಕಾಲು ನೋಡಿದರು. ಗರಗಸ ಕೆಳಗಿಟ್ಟರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತರು.

“ಅಮ್ಮಾ, ಇದು ಹೋಯಾ ಅಲ್ವಾ?”

“ಹೌದು ಡಾಕ್ಟ್ರೇ.”

“ಮೊಗ್ಗು!” ಎಂದು ಇನ್ನಷ್ಟು ಹತ್ತಿರ ಬಗ್ಗಿದರು. “ನಮ್ಮನೇಲೂ ಒಂದಿದೆ ಅಮ್ಮಾ. ಹನ್ನೊಂದು ವರ್ಷ ಆಯ್ತು. ಬರೀ ಎಲೆ. ಏನು ಹಾಕಿದ್ರಿ ಇದಕ್ಕೆ?”

“ನಾನೇನೂ ಹಾಕ್ಲಿಲ್ಲ. ನೀವು ಹಾಕಿದ್ದೇ, ಪ್ಲಾಸ್ಟರ್.”

ಡಾಕ್ಟರ ಮುಖದಲ್ಲಿ ಮೂಡಿದ ಹೆಮ್ಮೆಯನ್ನು ಏನೆಂದು ಹೇಳಲಿ! ಇಷ್ಟು ವರ್ಷದ ವೈದ್ಯವೃತ್ತಿ ಅಂದು ಸಾರ್ಥಕವಾದಂತಿತ್ತು. ಇಬ್ಬರೂ ನನ್ನ ಕಾಲಿನ ಎರಡು ಬದಿಗೆ ಕುಳಿತು ಗಾಳಿ, ಬೆಳಕು, ಗೊಬ್ಬರಗಳ ಬಗ್ಗೆ ಕಾಫಿ ಆರುವವರೆಗೆ ಮಾತಾಡಿದರು.

“ಡಾಕ್ಟ್ರೇ, ಮೂಳೆ?” ಎಂದೆ ಮೆಲ್ಲಗೆ.

“ಯಾವ ಮೂಳೆ?” ಎಂದರು. ಆಮೇಲೆ ನೆನಪಾಗಿ, “ಓ, ಅದಾ. ಕೂಡಿರತ್ತೆ ಬಿಡಿ. ಇನ್ನಷ್ಟು ದಿನ ಹೀಗೇ ಇದ್ರೆ ನಷ್ಟವೇನಿಲ್ಲ. ಒಂದೇ ಮಾತು, ನೀವು ಕೆಮ್ಮಬಾರದು” ಎಂದು ಹೇಳಿ, ಚೀಟಿ ಬರೆದುಕೊಟ್ಟು ಹೋದರು. ಚೀಟಿಯಲ್ಲಿ ಹೆಸರು ನನ್ನದು, ಔಷಧಿ ಬಳ್ಳಿಯದು.

ಅಂಗಡಿಯ ಯಜಮಾನರೂ ಒಂದು ದಿನ ಮುಖ ಗಂಟಿಕ್ಕಿಕೊಂಡು ಬಂದರು. “ಕೆಲಸಕ್ಕೆ ಯಾವಾಗಯ್ಯಾ ಬರೋದು?” ಎಂದು ನನ್ನನ್ನು ಕೇಳಿದರೆ ಹೆಂಡತಿ, “ಅರಳಿ, ಬಾಡಿದ ಮೇಲೆ” ಎಂದು ಉತ್ತರ ಕೊಟ್ಟಳು. ಅವರು ನನ್ನ ಕಾಲನ್ನೇ ದಿಟ್ಟಿಸಿ, ಗಂಟು ಸಡಿಲಿಸಿ, “ಈ ಕಾಲಿಗೆ ನಮ್ಮ ಅಂಗಡಿ ಚಪ್ಪಲಿ ಹಾಕಿ ಒಂದು ಫೋಟೋ ತೆಗೀಲಾ?” ಎಂದರು. ಪಾದಾರವಿಂದ ಎಂದು ಹಿಂದಿನವರು ಸುಮ್ಮನೆ ಹೊಗಳಿಕೆಗೆ ಹೇಳುತ್ತಿದ್ದರು. ನಾನು ಅದನ್ನು ಅಕ್ಷರಶಃ ಅನುಭವಿಸಿದವನು.

ನನ್ನ ಸಹನೆಗೂ ಒಂದು ಮಿತಿ ಇದೆ. ಒಂದು ಮಧ್ಯಾಹ್ನ ಹೆಂಡತಿ ಅಂಗಡಿಗೆ ಹೋದಳು. ಒಂದೇ ಒಂದು ಸಲ ಕಾಲು ಒದರಿದರೆ ಸಾಕು, ಮೊಗ್ಗು ನೆಲಕ್ಕೆ, ನಾನು ರಸ್ತೆಗೆ. ಹಲ್ಲು ಕಚ್ಚಿದೆ. ಕೊನೆಯ ಸಲ ಅವುಗಳನ್ನು ನೋಡೋಣವೆಂದು ಬಗ್ಗಿದೆ. ಸಾಸಿವೆಗಳು ಉಬ್ಬಿ, ತಿಳಿ ಗುಲಾಬಿ ಬಣ್ಣದ ಪುಟ್ಟ ದಿಂಬುಗಳಂತಾಗಿದ್ದವು. ಒಂದೊಂದಕ್ಕೂ ಐದೈದು ಮೂಲೆ. ನಿಜ ಹೇಳುತ್ತೇನೆ, ನನಗೆ ಅವುಗಳ ಮೇಲೆ ಮಮತೆ ಹುಟ್ಟಿಬಿಟ್ಟಿತ್ತು. ಎಷ್ಟೆಂದರೂ ನನ್ನ ಕಾಲಿನವು. ಹೆಂಡತಿ ವಾಪಸು ಬಂದಾಗ ನಾನು ಅವುಗಳಿಗೆ ಬಿಸಿಲು ತಗಲದಂತೆ ದಿನಪತ್ರಿಕೆ ಅಡ್ಡ ಹಿಡಿದು ಕುಳಿತಿದ್ದೆ.

ಆಮೇಲೊಂದು ಸಂಜೆ ದೀಪ ಹಾಕುವ ಹೊತ್ತಿಗೆ ಮನೆಯೆಲ್ಲ ಘಮ್ಮೆಂದಿತು. ಬಗ್ಗಿ ನೋಡಿದರೆ ನನ್ನ ಕಾಲಿನ ಮೇಲೆ ಒಂದು ಚೆಂಡು ನಕ್ಷತ್ರ. ಗುಲಾಬಿ ಬಣ್ಣದ ಮಖಮಲ್ಲಿನಂಥ ನಕ್ಷತ್ರ, ಅದರ ನಡುವೆ ಕೆಂಪು ಬಣ್ಣದ ಇನ್ನೊಂದು ಪುಟ್ಟ ನಕ್ಷತ್ರ. ಹೆಂಡತಿ ಓಡಿ ಬಂದಳು. ಅವಳು ನನ್ನ ತಲೆ ಸವರಿದಳು. ಆ ಕ್ಷಣದಲ್ಲಿ ಇನ್ನೊಂದು ಕಾಲನ್ನೂ ಕೊಟ್ಟುಬಿಡೋಣ ಎನ್ನಿಸಿತು. (ಎಲ್ಲ ಅನರ್ಥಕ್ಕೂ ಮೂಲ ಇಂಥ ಕ್ಷಣಗಳೇ.)

ಹೋಯಾ ಹೂವಿಂದ ಜೇನಿನಂಥ ಅಂಟು ತೊಟ್ಟಿಕ್ಕುತ್ತದೆ ಎಂದು ಮಾತ್ರ ನನಗೆ ಯಾರೂ ಹೇಳಿರಲಿಲ್ಲ. ಇರುವೆಗಳಿಗೆ ಗೊತ್ತಿತ್ತು. ಅವು ಸಾಲುಗಟ್ಟಿ ಬಂದು, ಹೂವಿನ ಸವಿ ಮುಗಿಸಿ, ಪ್ಲಾಸ್ಟರಿನ ಒಳಗೆ ಏನಿರಬಹುದು ಎಂಬ ಕುತೂಹಲದಿಂದ ಇಳಿದವು. ಸರಿಯಾಗಿ ಆ ಹೊತ್ತಿಗೆ ನನ್ನ ಹೆಂಡತಿ, ಏಳು ವರ್ಷ ಕಾದಿದ್ದ ದನಿಯಲ್ಲಿ, ಬಾಗಿಲಿಂದ ಕೂಗಿ ಪ್ಲಾಸ್ಟಿಕ್ಕನ್ನು ಕರೆದಳು.

ಆಕೆ ಬಂದಳು. ಬಗ್ಗಿದಳು. ಮೂಸಿದಳು. ಹೂವನ್ನು ಬೆರಳ ತುದಿಯಲ್ಲಿ ಮುಟ್ಟಿದಳು. ಹೆಂಡತಿ ಉಸಿರು ಬಿಗಿಹಿಡಿದು ನಿಂತಿದ್ದಳು.

“ಹೂವು ನಿಜಾನೇ ಅಕ್ಕಾ. ಒಪ್ಕೊಂಡೆ” ಎಂದಳು ಕೊನೆಗೆ. ಆಮೇಲೆ ಉಗುರಿನಲ್ಲಿ ನನ್ನ ಪ್ಲಾಸ್ಟರನ್ನು ಟಕ್ಕೆಂದು ಹೊಡೆದು, ನನ್ನ ಕಡೆ ಕನಿಕರದಿಂದ ನೋಡಿದಳು. “ಕಾಲು ಪ್ಲಾಸ್ಟಿಕ್ಕಾ? ಪಾಪ, ನಿಜವಾದದ್ದು ಯಾವಾಗ ಹೋಯ್ತು ಅಣ್ಣಾ?”

ಉತ್ತರವನ್ನು ಇರುವೆಯೇ ಕೊಟ್ಟಿತು. ಕಚ್ಚಿದ ರಭಸಕ್ಕೆ ನಾನು ಕುರ್ಚಿಯಿಂದ ಎಗರಿ, ಕೂಗಿ, ಮತ್ತೆ ಕುರ್ಚಿಗೇ ಬಿದ್ದೆ. “ಓ, ಕಾಲೂ ನಿಜಾನೇ” ಎಂದಳು ಆಕೆ. ಹೂ ಒಂದೂ ಉದುರಿರಲಿಲ್ಲ. ಹೆಂಡತಿ ಮೊದಲು ನೋಡಿದ್ದು ಅದನ್ನೇ.

ಅಂತೂ ಹೂ ಬಾಡಿತು. “ಇನ್ನಾದ್ರೂ ನನ್ನ ಕಾಲು ನನಗೆ ಕೊಡು” ಎಂದೆ.

“ಕೊಡೋಣ. ಆದ್ರೆ ಬಳ್ಳಿ ಬಿಚ್ಚೋ ಹಾಗಿಲ್ಲ, ಹೂವಿನ ಕಡ್ಡಿ ಮುರಿಯೋ ಹಾಗಿಲ್ಲ. ಮುಂದಿನ ಹೂವು ಅದೇ ಕಡ್ಡೀಲೇ ಬರೋದು.”

ಡಾಕ್ಟರು ಮತ್ತೆ ಬಂದರು. ಮುಂದೆ ಕೊಯ್ದರೆ ಬಳ್ಳಿಗೆ ತಗಲುತ್ತದೆ ಎಂದು ನನ್ನನ್ನು ಬೋರಲು ಮಲಗಿಸಿ, ಹಿಂದಿನಿಂದ ಸುತ್ತುಗಳ ಸಂದಿಯಲ್ಲಿ ಸ್ವಲ್ಪಸ್ವಲ್ಪವೇ ಕೊಯ್ದು, ಬಿಗಿಯಾದ ಬೂಟಿನಿಂದ ಕಾಲು ಎಳೆದಂತೆ ನನ್ನನ್ನು ಹೊರಗೆಳೆದರು. ಎಷ್ಟೋ ಜನರ ಕಾಲಿಂದ ಬೂಟು ಕಳಚಿದ್ದೇನೆ. ಬೂಟಿನಿಂದ ನನ್ನನ್ನೇ ಕಳಚಿದ್ದು ಅದೇ ಮೊದಲು. ಟೊಳ್ಳು ಪ್ಲಾಸ್ಟರಿಗೆ ಹೆಂಡತಿ ನನ್ನ ಹಳೆಯ ಬನಿಯನ್ನುಗಳನ್ನು ತುರುಕಿ ಟೀಪಾಯಿಯ ಮೇಲೆ ಮೊದಲಿನ ಹಾಗೇ ಇಟ್ಟಳು. ಬೀಳದಿರಲಿ ಎಂದು ಆರಾಮ ಕುರ್ಚಿಯನ್ನು ಅದಕ್ಕೇ ಒತ್ತರಿಸಿದಳು. ಈಗ ಕಿಟಕಿ, ಕುರ್ಚಿ, ಒದ್ದೆ ಬಟ್ಟೆಯ ಉಪಚಾರ, ಎಲ್ಲವೂ ಆ ಕಾಲಿಗೆ. ಸಂಜೆ ಅಂಗಡಿಯಿಂದ ಕುಂಟುತ್ತಾ ಬಂದರೆ ನಾನು ಕೂರುವುದು ಹೊಸಿಲ ಮೇಲೆ. ಬಂದವರೆಲ್ಲ ನನ್ನನ್ನು ದಾಟಿಕೊಂಡು ಹೋಗಿ ನನ್ನ ಕಾಲನ್ನು ಮಾತಾಡಿಸುತ್ತಾರೆ.

ಹೋದ ಭಾನುವಾರ ಡಾಕ್ಟರು ಬಂದರು. ಬಗಲಲ್ಲೊಂದು ಕುಂಡ. ಹನ್ನೊಂದು ವರ್ಷದಿಂದ ಹೂ ಬಿಡದ ಅವರ ಹೋಯಾ.

“ಸ್ವಲ್ಪ ದಿನ ನಿಮ್ಮನೇಲಿರಲಿ ಅಮ್ಮಾ. ನಿಮ್ಮನೆ ಗಾಳಿಗೆ ಮನಸ್ಸು ಮಾಡಿದ್ರೂ ಮಾಡೀತು.” ಹಾಗೆನ್ನುತ್ತಾ ನನ್ನ ಕಡೆ ತಿರುಗಿ, “ನಿಮ್ಮ ಎಡಗಾಲು ಹೇಗಿದೆ?” ಎಂದರು.

“ಚೆನ್ನಾಗಿದೆ ಡಾಕ್ಟ್ರೇ, ಕಲ್ಲಿನ ಹಾಗಿದೆ.”

“ಹೌದಾ” ಎಂದರು, ಮುಖ ಸಪ್ಪಗೆ ಮಾಡಿಕೊಂಡು.

“ಕುಂಡ ಇಡೋಕೆ ಕಟ್ಟೆ ಮೇಲೆ ಜಾಗ ಇಲ್ಲ ಡಾಕ್ಟ್ರೇ” ಎಂದಳು ಹೆಂಡತಿ. “ಆದ್ರೆ ಮೇಲೆ ಕೊಕ್ಕೆ ಖಾಲಿ ಇದೆ.” ಒಳಗೆ ಹೋಗಿ ಸ್ಟೂಲು ತಂದು ಕಿಟಕಿಯ ಕೆಳಗಿಟ್ಟಳು. ಅದೇ ಸ್ಟೂಲು.

“ಇದನ್ನ ರಿಪೇರಿ ಮಾಡಿಸಿದ್ಯೇನೇ?”

“ಹತ್ರೀ ಸುಮ್ನೆ. ಈ ಸಲ ನಾನು ಸರಿಯಾಗಿ ಹಿಡ್ಕೋತೀನಿ.”

ಹಾಗೆ ಹೇಳುವಾಗ ಅವಳ ದನಿಯಲ್ಲಿ ಎಂಥ ಅಕ್ಕರೆ! ನಾನು ಕರಗಿಹೋದೆ. ಹತ್ತಿದೆ. ಕುಂಡವನ್ನು ತಲೆಯ ಮೇಲೆತ್ತಿದೆ. ಸ್ಟೂಲು ಪರಿಚಿತ ರೀತಿಯಲ್ಲಿ ಒಮ್ಮೆ ಅಲ್ಲಾಡಿತು. ಕೆಳಗೆ ನೋಡಿದೆ. ನನ್ನ ಹೆಂಡತಿಯ ಎರಡು ಕೈ, ಡಾಕ್ಟರ ಎರಡು ಕೈ, ನಾಲ್ಕೂ ಕುಂಡದ ಕಡೆಗೆ ಚಾಚಿಕೊಂಡಿದ್ದವು.